ಬಿಡುವಿಲ್ಲದ ಗಣಕ

ಮುಕ್ಕುಂದದ ಬಳಿ ತುಂಗಭದ್ರೆಯ ನೀರಿನ ಮಟ್ಟವನ್ನು ಗಂಟೆಗೊಮ್ಮೆ ಬರೆದಿಡಲು ಒಬ್ಬನನ್ನು ನೇಮಿಸಿದ್ದಾರೆಂದು ಭಾವಿಸಿ. ಆತ ಗಳಿಗೆಗೊಮ್ಮೆ ದಡಕ್ಕೆ ಓಡಿದರೆ ದಣಿವು ಹೆಚ್ಚೀತೇ ಹೊರತು ಮಾಹಿತಿಯಲ್ಲ. ಉಪಕರಣಗಳಿಂದ ಅಳತೆ ಸಂಗ್ರಹಿಸುವ ಗಣಕಕ್ಕೂ ಇದೇ ರೋಗ ತಗಲುವುದುಂಟು. 'ಅಳತೆ ಬಂತೇ, ಬಂತೇ?' ಎಂದು ಬಿಡದೆ ಕೇಳುವ ಪ್ರೋಗ್ರಾಂ ಪ್ರೊಸೆಸರಿನ ವೇಳೆಯನ್ನೆಲ್ಲ ನುಂಗುತ್ತದೆ. ಅಳತೆ ಸಿದ್ಧವಾದಾಗ ಉಪಕರಣವೇ ಕರೆಯುವಂತೆ ಮಾಡಿದರೆ ಹೊರೆ ಇಳಿಯುತ್ತದೆ.

1969ರ ಜುಲೈ 20ರಂದು ಅಪೊಲೊ-11 ಚಂದ್ರನ ಮೇಲೆ ಇಳಿಯುತ್ತಿದ್ದಾಗ ಅದರ ಗಣಕ '1202' ಎಂಬ ಎಚ್ಚರಿಕೆ ನೀಡಿತು. ಆಗ ಬೇಕಿಲ್ಲದ ರಾಡಾರೊಂದರ ಸಂಕೇತಗಳು ಶೇ. 10ಕ್ಕೂ ಹೆಚ್ಚು ವೇಳೆಯನ್ನು ಕಬಳಿಸುತ್ತಿದ್ದವು. ಗಣಕ ಮುಖ್ಯವಲ್ಲದ ಕೆಲಸಗಳನ್ನು ಕೈಬಿಟ್ಟಿತು. ಇಬ್ಬರು ಯಾತ್ರಿಗಳು ಸುರಕ್ಷಿತವಾಗಿ ಇಳಿದರು.

ಗಣಕ ಏದುಸಿರು ಬಿಟ್ಟೊಡನೆ ಹೊಸದನ್ನು ಕೊಳ್ಳಬೇಕಿಲ್ಲ. ಒಂದೊಂದೇ ಕೆಲಸವನ್ನು ನಿಲ್ಲಿಸಿ, ವೇಳೆ ಎಲ್ಲಿ ಸೋರುತ್ತಿದೆಯೆಂದು ಮೊದಲು ನೋಡಬೇಕು. ಓದುವ ಮಕ್ಕಳ ದಿನಚರಿಗೂ ಈ ಪರೀಕ್ಷೆ ಒಪ್ಪುತ್ತದೆ.