ಕಿತ್ತೆಸೆದ ಕಾಯಿಲ್

ಕಾಕ್ಲಿಯರ್ ಇಂಪ್ಲಾಂಟ್ ಆಗಿದ್ದ ಆ ಹುಡುಗನಿಗೆ ಆಗಿನ್ನೂ ಎರಡು ತುಂಬಿರಲಿಲ್ಲ. ಒಳಗಿನ ಇಂಪ್ಲಾಂಟಿಗೆ ಸಂಕೇತ ಕಳಿಸಲು ತಲೆಗೆ ಅಂಟಿಸಿದ ಕಾಯಿಲನ್ನು ಮತ್ತೆ ಮತ್ತೆ ಕಿತ್ತು ಎಸೆಯುತ್ತಾನೆ ಎಂದು ತಾಯಿ ನನ್ನ ಬಳಿ ಬಂದಾಗಲೆಲ್ಲ ಹೇಳುತ್ತಿದ್ದರು. ಕುಕ್ಕರ್ ಕೂಗಿದರೆ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಾನೆ ಎಂದೂ ಹೇಳಿದ್ದರು. ‘ಹಟ ಅಷ್ಟೇ, ಅಭ್ಯಾಸ ಆಗುತ್ತಮ್ಮ. ನೀವು ಬಿಡಬಾರದು’ ಎಂದು ಕಳಿಸಿದೆ. ಪಾಪ, ಆಕೆ ಕಾಯಿಲ್ ಜಾರದಂತೆ ಟೋಪಿ ಕಟ್ಟಿ ಕರೆತಂದರು.

ಮ್ಯಾಪಿಂಗ್ ಮಾಡಿದ್ದು ನಾನೇ. ಒಂದೊಂದು ಎಲೆಕ್ಟ್ರೋಡ್‌ಗೂ ಎಷ್ಟು ವಿದ್ಯುತ್ತಿಗೆ ಸದ್ದು ಕೇಳಲು ಶುರುವಾಗುತ್ತದೆ, ಎಷ್ಟರವರೆಗೆ ಹಿತವಾಗಿರುತ್ತದೆ ಎಂದು ನಿಗದಿ ಮಾಡಬೇಕು. ದೊಡ್ಡವರು ಬಾಯಿಬಿಟ್ಟು ಹೇಳುತ್ತಾರೆ. ಕೂಸು ಹೇಗೆ ಹೇಳೀತು? ನಾನು ಶ್ರವಣನರದ ಪ್ರತಿಕ್ರಿಯೆ ಅಳೆದು, ಅದರ ಮೇಲೆ ಅಂದಾಜು ಕಟ್ಟಿದ್ದೆ. ನರ ಎಚ್ಚೆತ್ತಿತೆಂದು ಆ ಅಳತೆ ತೋರಿಸುತ್ತದೆ. ಮಗು ಎಷ್ಟು ತಾಳೀತು ಎಂಬುದನ್ನು ಅದೊಂದರಿಂದಲೇ ಹೇಳಲಾಗದು. ಇದು ಗೊತ್ತಿದ್ದೂ ಹೊರಗಿನ ಸಾಲು ನೋಡಿ ಆತುರಪಟ್ಟೆ.

ಈ ಹುಡುಗನ ವಿಷಯ ಹೇಳಿದಾಗ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದ್ದು ಒಂದೇ ಮಾತು: ‘ರಿಫ್ಲೆಕ್ಸ್ ನೋಡಿದ್ರಾ?’

ಜೋರು ಸದ್ದಿಗೆ ಮಧ್ಯಕಿವಿಯ ಸ್ಟೇಪಿಡಿಯಸ್ ಸ್ನಾಯು ತಾನಾಗಿ ಬಿಗಿದು ರಿಕಾಪು ಮೂಳೆಯನ್ನು ಎಳೆಯುತ್ತದೆ. ಅದೇ ಈ ರಿಫ್ಲೆಕ್ಸ್. ಇಂಪ್ಲಾಂಟ್ ಕೊಡುವ ವಿದ್ಯುತ್ತಿಗೂ ಹಾಗೆಯೇ. ಸ್ನಾಯು ಬಿಗಿಯಲು ಶುರುವಾಗುವ ಮಟ್ಟ ಹಿತವಾದ ಜೋರಿನ ಮಿತಿಗೆ ಸಾಕಷ್ಟು ಹತ್ತಿರ. ಮೊದಲ ಸಲ ಪರೀಕ್ಷಿಸಿದಾಗ ಹುಡುಗನಿಗೆ ನೆಗಡಿಯಿಂದ ಮಧ್ಯಕಿವಿಯಲ್ಲಿ ನೀರಿತ್ತು, ಬಿಗಿತ ತೋರಿಸಬೇಕಾದ ಪರದೆಯ ಗೆರೆ ಅಲುಗಲಿಲ್ಲ. ವಾಸಿಯಾದ ಮೇಲೆ, ಸದ್ದಿಲ್ಲದ ಕಾರ್ಟೂನ್ ತೋರಿಸುತ್ತಾ ತಾಯಿಯ ತೊಡೆಯ ಮೇಲೆ ಕೂರಿಸಿ, ಇಂಪ್ಲಾಂಟ್ ಇಲ್ಲದ ಕಿವಿಗೆ ಆ ಬಿಗಿತ ಗುರುತಿಸುವ ಪ್ರೋಬ್ ಇಟ್ಟೆವು. ಮಗು ಅಗಿಯಬಾರದು, ಅಳಬಾರದು. ಒಂದೊಂದು ಹಂತ ಏರಿಸುತ್ತ ಹೋದಾಗ, ಎಲೆಕ್ಟ್ರೋಡ್ ಮಿಡಿದಾಗಲೆಲ್ಲ ಪರದೆಯ ಗೆರೆ ಪುಟ್ಟದಾಗಿ ಕುಸಿದು ಮತ್ತೆ ಏಳತೊಡಗಿತು. ಇಳಿಸಿದರೆ ನಿಂತಿತು, ಏರಿಸಿದರೆ ಮತ್ತೆ ಬಂತು. ನಾನು ಇಟ್ಟಿದ್ದ ಮಟ್ಟ ಹಲವು ಎಲೆಕ್ಟ್ರೋಡ್‌ಗಳಲ್ಲಿ ಗೆರೆ ಕುಸಿಯತೊಡಗಿದ ಮಟ್ಟಕ್ಕಿಂತ ಬಹಳ ಮೇಲಿತ್ತು.

ನೋವಾಗುತ್ತಿದೆ ಎಂದು ಆ ಮಗು ತನಗೆ ಗೊತ್ತಿದ್ದ ರೀತಿಯಲ್ಲೆಲ್ಲ ಹೇಳಿತ್ತು. ನಾನು ಅದನ್ನು ಹಟ ಎಂದು ಬರೆದುಕೊಂಡಿದ್ದೆ, ಟೋಪಿ ಕಟ್ಟಿದ್ದಕ್ಕೆ ತಾಯಿಯನ್ನು ಮೆಚ್ಚಿಕೊಂಡಿದ್ದೆ. ಮಟ್ಟ ಇಳಿಸಿದ ಮೇಲೆ ಕಾಯಿಲ್ ತಲೆಯ ಮೇಲೆ ಉಳಿಯಿತು. ತಪ್ಪು ನನ್ನದೆಂದು ತಾಯಿಗೆ ಹೇಳಿದೆ. ‘ನಾನು ಹೇಳ್ತಾನೇ ಇದ್ನಲ್ಲ ಮೇಡಂ’ ಎಂದರು ಆಕೆ.

ಕೆಲವು ಮಕ್ಕಳಲ್ಲಿ ರಿಫ್ಲೆಕ್ಸ್ ಸಿಗುವುದೇ ಇಲ್ಲ. ಆಗ ತೀರಾ ಕೆಳಗಿನಿಂದ ಶುರುಮಾಡಿ, ಮುಖ ನೋಡುತ್ತ ನಿಧಾನವಾಗಿ ಏರಿಸುತ್ತೇನೆ. ಮನೆಯಲ್ಲಿ ಏನಾಯಿತೆಂದು ತಾಯಿಯನ್ನು ಕೇಳಿದ ಮೇಲಷ್ಟೇ ಕಂಪ್ಯೂಟರ್ ಮುಟ್ಟುತ್ತೇನೆ.