ಜಗಿದು ಉಣ್ಣುವ ಮುದ್ದೆ

ಮೊದಲು ತಾಗುವುದು ಚಳಿ. ಆಪರೇಷನ್ ಥಿಯೇಟರಿನ ಎ.ಸಿ. ಗಾಳಿ ತೆಳ್ಳನೆಯ ಗೌನಿನೊಳಕ್ಕೆ ನುಗ್ಗುತ್ತದೆ, ಬೆನ್ನಿನಡಿಯ ರೆಕ್ಸಿನ್ ತಣ್ಣಗೆ ಅಂಟುತ್ತದೆ. ಮೇಜು ಕಿರಿದು. ಪಕ್ಕಕ್ಕೆ ಚಾಚಿದ ನಿಮ್ಮ ತೋಳುಗಳಿಗೆ ನರ್ಸ್ ಹಲಗೆ ಜೋಡಿಸಿ, ಪಟ್ಟಿ ಬಿಗಿಯುತ್ತಾರೆ. ಕಾಲಿಗೆ ತೊಡೆಯವರೆಗೂ ಬಿಗಿ ಸಾಕ್ಸು, ಅದರ ಮೇಲೆ ಗಾಳಿ ತುಂಬಿಕೊಂಡು ಹಿಂಡಿ ಹಿಂಡಿ ಬಿಡುವ ಪಟ್ಟಿ. ರಕ್ತ ಹೆಪ್ಪುಗಟ್ಟಬಾರದಲ್ಲ, ಅದಕ್ಕೆ. ಸ್ಪಿರಿಟ್ಟಿನ ವಾಸನೆ ಮೂಗು ಕೊರೆಯುತ್ತದೆ. ಎಲ್ಲೋ ಒಂದು ಯಂತ್ರ ಬೀಪ್ ಬೀಪ್ ಎನ್ನುತ್ತಿದೆ, ಅದರ ವೇಗ ಹೆಚ್ಚುತ್ತಿದೆ. ಅದು ನಿಮ್ಮದೇ ಎದೆಯ ಸದ್ದು ಎಂದು ಹೊಳೆಯುವುದಕ್ಕೆ ಕ್ಷಣ ಬೇಕಾಗುತ್ತದೆ.

ನೀವು ಜಗಳೂರು ಸೀಮೆಯ ಸೊಕ್ಕೆ ಊರಿನ ಸೊಸೆ. ವಯಸ್ಸು 38, ಎತ್ತರ 159 ಸೆಂಟಿಮೀಟರ್, ತೂಕ 104 ಕೆ.ಜಿ. ಎತ್ತರ, ತೂಕ ಎರಡನ್ನೂ ಲೆಕ್ಕ ಹಾಕಿ ಡಾಕ್ಟರು ಬಿ.ಎಂ.ಐ. 41 ಎಂದು ಬರೆದಿದ್ದಾರೆ. ಎರಡನೇ ಹೆರಿಗೆಯಾದಾಗಿನಿಂದ ಸಕ್ಕರೆ ಕಾಯಿಲೆ. ಮಂಡಿಯಲ್ಲಿ ನೋವು, ಜಗಳೂರಿನ ಬಸ್ಸು ಹತ್ತಲು ಎರಡೂ ಕಡೆ ಕಂಬಿ ಹಿಡಿಯಬೇಕು. ರಾತ್ರಿ ನಿದ್ದೆಯಲ್ಲಿ ನಿಮ್ಮ ಉಸಿರು ನಿಂತು, ಮತ್ತೆ ಗಕ್ಕನೆ ಬರುತ್ತದೆ. ನಿಂತ ಆ ಹೊತ್ತನ್ನು ಎಣಿಸುತ್ತಾ ನಿಮ್ಮ ಯಜಮಾನರು ಕತ್ತಲಲ್ಲಿ ಎದ್ದು ಕೂತಿರುತ್ತಾರೆ. ನಿಮಗದು ಗೊತ್ತಿರಲಿಲ್ಲ. ಡಾಕ್ಟರ ಮುಂದೆ ಅವರೇ ಹೇಳಿದಾಗ ಗೊತ್ತಾಯಿತು.

"ಉಸಿರು ಜೋರಾಗಿ ಎಳ್ಕೊಳ್ಳಿ ಅಮ್ಮ," ಎನ್ನುತ್ತಾರೆ ಅರಿವಳಿಕೆ ಡಾಕ್ಟರು. ಮೂಗು ಬಾಯಿಯ ಮೇಲೆ ಮಾಸ್ಕು ಬರುತ್ತದೆ. ಪ್ಲಾಸ್ಟಿಕ್ಕಿನ ವಾಸನೆ. ಈಗಲೂ ಬೇಡ ಎನ್ನಬಹುದು. ನಾಲಿಗೆಯ ತುದಿಯಲ್ಲೇ ಇದೆ ಆ ಮಾತು.

ಇಲ್ಲಿಗೆ ಬರುವುದು ಸುಲಭವಾಗಿರಲಿಲ್ಲ. ತೂಕ ಇಳಿಸುವ ಆಪರೇಷನ್ನಿನ ಸುದ್ದಿ ಊರಲ್ಲಿ ಹಬ್ಬಿದಾಗ ಬಂದವರೆಲ್ಲರ ಬಾಯಲ್ಲೂ ಒಂದೇ ಹೆಸರು: ಕಿರುತೆರೆ ನಟಿ ಚೇತನಾ ರಾಜ್. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋಗಿ ತೀರಿಕೊಂಡ ಆ ಹುಡುಗಿಗೆ ಬರೀ 21 ವರ್ಷ. "ಅಷ್ಟು ಚಿಕ್ಕ ಮಗೀನೇ ಉಳೀಲಿಲ್ಲ, ನಿಂಗ್ಯಾಕವ್ವ ಈ ಉಸಾಬರಿ," ಎಂದು ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನೀವು ಅದನ್ನೇ ಡಾಕ್ಟರ ಮುಂದಿಟ್ಟಿರಿ. ಅವರು ಕಾಗದ ಎಳೆದುಕೊಂಡು ಚಿತ್ರ ಬರೆದರು. ಅಲ್ಲಿ ತೆಗೆಯುವುದು ಚರ್ಮದ ಕೆಳಗಿನ ಕೊಬ್ಬು, ಮೈಯ ಆಕಾರಕ್ಕಾಗಿ. ಇಲ್ಲಿ ಕತ್ತರಿಸುವುದು ಜಠರವನ್ನೇ, ಕಾಯಿಲೆಗಾಗಿ. ಎರಡೂ ಬೇರೆ. ಆದರೆ ಅಪಾಯವಿಲ್ಲ ಎಂದು ಅವರು ಹೇಳಲಿಲ್ಲ. ನೂರರಲ್ಲಿ ಒಬ್ಬರಿಗೆ ಹೊಲಿಗೆ ಸೋರಬಹುದು, ಸಾವಿರದಲ್ಲಿ ಸುಮಾರು ಒಬ್ಬರ ಜೀವಕ್ಕೇ ಎರವಾಗಬಹುದು ಎಂದರು. ಆ ಒಬ್ಬರು ಯಾರು ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರುವುದಿಲ್ಲ. ನನ್ನನ್ನು ಕೇಳಿದರೆ, ಆ ಮಾತನ್ನು ಮುಚ್ಚಿಡದ ಡಾಕ್ಟರನ್ನೇ ನಂಬಬೇಕು.

ಇಂಜೆಕ್ಷನ್ನಿನ ಮಾತೂ ಬಂತು. 2025ರಲ್ಲಿ ಮೌಂಜಾರೊ, ಆಮೇಲೆ ವೆಗೋವಿ ಭಾರತದ ಮಾರುಕಟ್ಟೆಗೆ ಬಂದಿವೆ, ವಾರಕ್ಕೊಂದು ಚುಚ್ಚಿಕೊಂಡರೆ ಹಸಿವು ಕುಗ್ಗುತ್ತದೆ. ನಿಲ್ಲಿಸಿದರೆ ಹೋದ ತೂಕ ಹಲವರಲ್ಲಿ ಮರಳುತ್ತದೆ. ತಿಂಗಳು ತಿಂಗಳೂ ಆ ದುಡ್ಡು ಹೊಂದಿಸುವುದು ಮಳೆ ನೆಚ್ಚಿ ಮೆಕ್ಕೆಜೋಳ ಹಾಕುವ ಮನೆಗೆ ಹೇಗೆ ಸಾಧ್ಯ? ಒಂದೇ ಸಲದ ಸಾಲ ತೀರಿಸಬಹುದು. ಹಾಗೆಂದು ಯಜಮಾನರು ಬಸ್ ಸ್ಟ್ಯಾಂಡಿನಲ್ಲಿ, ನಿಮ್ಮ ಮುಖ ನೋಡದೆ, ಮೆಲ್ಲಗೆ ಹೇಳಿದರು.

ತೋಳಿನೊಳಗೆ ಉರಿ ಹರಿಯುತ್ತದೆ. ಬಿಳಿ ಔಷಧಿ ಏರುತ್ತಿದೆ. ಮಗಳ ಮುಖ ಎದುರಿಗೆ ತಂದುಕೊಳ್ಳಬೇಕೆನ್ನುವಷ್ಟರಲ್ಲಿ ಚಾವಣಿಯ ದೀಪಗಳು ದೂರ ಸರಿಯುತ್ತವೆ.

ನೀವಿಲ್ಲದ ಆ ಹೊತ್ತಿನಲ್ಲಿ ಹೊಟ್ಟೆಯ ಮೇಲೆ ಐದು ಸಣ್ಣ ತೂತು ಬೀಳುತ್ತವೆ. ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಉಬ್ಬಿಸುತ್ತಾರೆ, ಯಕೃತ್ತನ್ನು ಮೇಲೆತ್ತಿ ಹಿಡಿಯುತ್ತಾರೆ. ಹಿಂದಿನ ಎರಡು ವಾರ ಅನ್ನ, ರೊಟ್ಟಿ, ಸಕ್ಕರೆ ಬಿಟ್ಟು ನೀವು ಒದ್ದಾಡಿದ್ದು ಅದಕ್ಕಾಗಿಯೇ. ಕೊಬ್ಬು ತುಂಬಿದ ಯಕೃತ್ತು ಕುಗ್ಗದಿದ್ದರೆ ಜಠರ ಕಾಣುವುದೇ ಕಷ್ಟ. ಬಾಯಿಂದ ಇಳಿಸಿದ ಕೊಳವೆಯ ಪಕ್ಕದಲ್ಲೇ ಸ್ಟೇಪ್ಲರ್ ಸಾಗುತ್ತದೆ. ಒತ್ತುತ್ತದೆ, ಹೊಲಿಯುತ್ತದೆ, ಕತ್ತರಿಸುತ್ತದೆ. ಮತ್ತೊಮ್ಮೆ. ಮತ್ತೊಮ್ಮೆ. ಜಠರದ ಮುಕ್ಕಾಲು ಭಾಗ ಒಂದು ತೂತಿನಿಂದ ಹೊರಗೆ ಬರುತ್ತದೆ. ಉಳಿಯುವುದು ಬಾಳೆಹಣ್ಣಿನಂಥ ಕಿರಿದಾದ ಕೊಳವೆ.

ತೂಕ ಇಳಿಸಲು ಹೊಟ್ಟೆಗೆ ಕತ್ತಿ ಹಾಕುವುದು ನಿನ್ನೆ ಮೊನ್ನೆಯ ಸಂಗತಿಯಲ್ಲ. 1966ರಲ್ಲಿ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಜಠರದ ಬೈಪಾಸ್ ಶುರುಮಾಡಿದರು. ಜಠರವನ್ನು ಕೊಳವೆಯಾಗಿಸುವ ನಿಮ್ಮ ಈ 'ಸ್ಲೀವ್' ಆಪರೇಷನ್ ಆಮೇಲಿನದು. ಜಠರದಿಂದ ಕತ್ತರಿಸಿ ಹೊರತೆಗೆದ ಭಾಗದಲ್ಲೇ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಹೆಚ್ಚಾಗಿ ತಯಾರಾಗುತ್ತದೆ. 1999ರಲ್ಲಿ ಅದನ್ನು ಕಂಡುಹಿಡಿದವರು ಜಪಾನಿನ ಕೊಜಿಮಾ ಮತ್ತು ಕಂಗಾವಾ. ಎಚ್ಚರವಾದ ಮೇಲೆ ನಿಮ್ಮೊಳಗೆ ಹರಡುವ ಹಸಿವಿನ ಮೌನಕ್ಕೆ ಆ ಭಾಗ ಹೋಗಿರುವುದೂ ಒಂದು ಕಾರಣ.

ಎಚ್ಚರವಾಗುತ್ತದೆ. ಗಂಟಲು ಕೆರೆದು ಗಾಯವಾದಂತಿದೆ. ಹೊಟ್ಟೆಗಿಂತ ಬಲ ಭುಜ ಹೆಚ್ಚು ನೋಯುತ್ತಿದೆ, ಉಳಿದ ಗ್ಯಾಸು ವಪೆಯನ್ನು ಒತ್ತುತ್ತಿರುವುದರಿಂದ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿದೆ. ನೀರು ಕೇಳುತ್ತೀರಿ, ಒದ್ದೆ ಹತ್ತಿಯಲ್ಲಿ ತುಟಿ ಒರೆಸುತ್ತಾರೆ. ಸಂಜೆಯಾಗುವ ಮೊದಲೇ ಎಬ್ಬಿಸಿ ನಡೆಸುತ್ತಾರೆ. ಒಂದು ಕೈಯಲ್ಲಿ ಡ್ರಿಪ್ಪಿನ ಕಂಬ, ಇನ್ನೊಂದು ಕೈ ಯಜಮಾನರ ಹೆಗಲ ಮೇಲೆ. ವಾಂತಿ ಒತ್ತಿ ಬರುತ್ತದೆ, ಬಾಗಿದರೆ ಹೊಲಿಗೆ ಹರಿದೀತೆಂಬ ಭಯ. ಮರುದಿನ ಔಷಧಿಯ ಪುಟ್ಟ ಬಟ್ಟಲಿನಲ್ಲಿ 30 ಮಿಲಿ ನೀರು. ಅದನ್ನು ಗುಟುಕು ಗುಟುಕಾಗಿ ಕುಡಿದು ಮುಗಿಸುವಷ್ಟರಲ್ಲಿ ಎದೆ ತುಂಬಿದಂತಾಗುತ್ತದೆ. ಬೆರಳ ತುದಿ ಚುಚ್ಚಿ ನೋಡಿದರೆ ಸಕ್ಕರೆ ಆಗಲೇ ಇಳಿದಿದೆ. ತೂಕ ಇಳಿಯುವುದಕ್ಕಿಂತ ಮೊದಲೇ ಹೀಗಾಗುವುದು ಈ ಚಿಕಿತ್ಸೆಯಲ್ಲಿ ಸಾಮಾನ್ಯ.

ಬೆಂಗಳೂರಿನಿಂದ ಊರಿಗೆ ಹೊರಡುವಾಗ ಆಸ್ಪತ್ರೆಯವರು ಒಂದು ಚೀಟಿ ಕೊಡುತ್ತಾರೆ. ಜ್ವರ ಬಂದರೆ, ನಾಡಿ ನಿಮಿಷಕ್ಕೆ 120 ದಾಟಿದರೆ, ಹೊಟ್ಟೆ ನೋವು ಏರುತ್ತಾ ಹೋದರೆ ತಕ್ಷಣ ಬರಬೇಕು. ತುಮಕೂರು, ಹಿರಿಯೂರು, ಚಿತ್ರದುರ್ಗ: ದಾರಿಯುದ್ದಕ್ಕೂ ಯಜಮಾನರು ಕಾರು ನಿಲ್ಲಿಸಿ ನಿಲ್ಲಿಸಿ ನಿಮ್ಮನ್ನು ನಡೆಸುತ್ತಾರೆ. ಸೊಕ್ಕೆಯ ಮನೆಯಲ್ಲಿ ಆ ಮೊದಲ ರಾತ್ರಿಗಳಲ್ಲಿ ಅರೆನಿದ್ದೆಯಲ್ಲಿ ನಿಮ್ಮ ಮಣಿಕಟ್ಟಿಗೆ ಎರಡು ಬೆರಳು ತಾಗುತ್ತವೆ. ಯಜಮಾನರು ಮೊಬೈಲಿನ ಬೆಳಕಿನಲ್ಲಿ ಗಡಿಯಾರ ನೋಡುತ್ತಾ ನಾಡಿ ಎಣಿಸುತ್ತಿದ್ದಾರೆ. ಹಿಂದೆ ಉಸಿರು ಎಣಿಸುತ್ತಿದ್ದವರು.

ಬೇಳೆ ಕಟ್ಟು, ತಿಳಿ ಮಜ್ಜಿಗೆ, ಪ್ರೊಟೀನ್ ಪುಡಿ. ಎರಡು ವಾರ ಇಷ್ಟೇ. ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದು. ಉಣ್ಣುವಾಗ ನೀರು ಕುಡಿಯುವಂತಿಲ್ಲ, ಅರ್ಧ ಗಂಟೆ ಕಾಯಬೇಕು. ನೋಡಲು ಬಂದವರು ಬಾಳೆಹಣ್ಣು, ಬ್ರೆಡ್ಡು, ಬಿಸ್ಕತ್ತು ತಂದು ಮಂಚದ ಮೇಲೆ ಇಡುತ್ತಾರೆ. ಹಸಿವೇ ಇಲ್ಲ. ಒಗ್ಗರಣೆಯ ವಾಸನೆ ಬಂದಾಗ ಮನಸ್ಸು ಮಾತ್ರ ಹಳೆಯ ದಾರಿಯಲ್ಲಿ ಓಡುತ್ತದೆ, ಹೊಟ್ಟೆ ಜೊತೆಗೆ ಬರುವುದಿಲ್ಲ. ಈ ಬಿರುಕನ್ನು ಯಾರಿಗೂ ವಿವರಿಸಲಾಗದೆ ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಕೂತು ಅಳುತ್ತೀರಿ.

ಆರನೇ ವಾರ. ಅತ್ತೆ ಮುದ್ದೆ ಕಟ್ಟಿದ್ದಾರೆ, ಹುರುಳಿ ಸಾರು. ತಟ್ಟೆಯ ಅಂಚಿನಲ್ಲಿ ನಿಂಬೆಗಾತ್ರದ ಉಂಡೆ ಇಟ್ಟು, "ಇಷ್ಟಾರ ಉಣ್ಣವ್ವ, ಮೈಯಾಗ ಕಸುವು ಬರ್ತತಿ," ಎಂದು ಎದುರಿಗೇ ಕೂರುತ್ತಾರೆ. ಜಗಳೂರು ಸೀಮೆ ಬರ ಕಂಡ ಸೀಮೆ. ಕೆರೆ ಬತ್ತಿದ ವರ್ಷಗಳಲ್ಲಿ ಮಕ್ಕಳಿಗೆ ಅಂಬಲಿ ಹಂಚಿ ತಾವು ಬರಿ ನೀರು ಕುಡಿದು ಮಲಗಿದ ಹೆಂಗಸು ಇವರು. ಮೈಕೈ ತುಂಬಿಕೊಂಡ ಸೊಸೆ ಅವರ ಕಣ್ಣಿಗೆ ಕಾಯಿಲೆಯವಳಾಗಿ ಎಂದೂ ಕಂಡಿಲ್ಲ. ಆ ಉಂಡೆಯನ್ನು ಬೇಡ ಎನ್ನುವುದು ಹೇಗೆ?

ಮುರಿಯುತ್ತೀರಿ. ಸಾರಿನಲ್ಲಿ ಅದ್ದುತ್ತೀರಿ. ಬಿಸಿ ರಾಗಿಯ ಘಮ ಮೂಗಿಗೆ ಏರುತ್ತದೆ. ಬಾಯಿಗಿಟ್ಟ ತುತ್ತು ಹಲ್ಲಿಗೆ ತಾಗದೆ ಗಂಟಲಿಗಿಳಿಯುತ್ತದೆ. ಮುದ್ದೆ ನುಂಗಬೇಕು, ಜಗಿಯಬಾರದು: ಮೂರು ವರ್ಷದ ಮಗುವಾಗಿದ್ದಾಗ ಅವ್ವ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ್ದು. ಒಂದೊಂದು ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕೆಂದ ಡಯಟಿಷಿಯನ್ನರ ಮಾತು ನೆನಪಾಗುವಷ್ಟರಲ್ಲಿ ತಡವಾಗಿದೆ.

ತುತ್ತು ನಿಲ್ಲುತ್ತದೆ. ಎದೆಯ ನಡುವೆ, ಮೂಳೆಯ ಹಿಂದೆ. ಕೆಳಗೆ ಹೋಗದು. ಮೇಲೆ ಬಾರದು. ಬೆನ್ನಿಗೆ ನೋವು ಚುಚ್ಚುತ್ತದೆ. ಬಾಯಲ್ಲಿ ಜೊಲ್ಲು ನೊರೆನೊರೆಯಾಗಿ ತುಂಬುತ್ತದೆ, ನುಂಗಲು ಜಾಗವಿಲ್ಲ. ಉಗುಳುತ್ತೀರಿ. ಮತ್ತೆ ತುಂಬುತ್ತದೆ. ನೀರು ಕುಡಿದರೆ ಇಳಿದೀತೇ? ಕೈ ಚೊಂಬಿಗೆ ಹೋಗುತ್ತದೆ. ಬೇಡ. ಕುಡಿದರೆ ಅದೂ ಮೇಲೆಯೇ ನಿಲ್ಲುತ್ತದೆ. ಹೊಲಿಗೆ ಬಿಟ್ಟಿತೇ? ಬೆವರು. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬಾಗುತ್ತೀರಿ. ಅತ್ತೆಯ ಕೈ ನಿಮ್ಮ ಹಣೆ ಹಿಡಿದಿದೆ, ಆ ಕೈ ನಡುಗುತ್ತಿದೆ. ಕೊನೆಗೆ ತುತ್ತು ಹೋದಂತೆಯೇ ಇಡಿಯಾಗಿ ಹೊರಗೆ ಬೀಳುತ್ತದೆ.

ಫೋನಿನಲ್ಲಿ ಡಯಟಿಷಿಯನ್ ಸಮಾಧಾನವಾಗಿ ಕೇಳುತ್ತಾರೆ. ಜ್ವರವಿಲ್ಲ, ನಾಡಿ ಸರಿಯಿದೆ. ಎರಡು ದಿನ ಮತ್ತೆ ತಿಳಿ ಆಹಾರ ಎನ್ನುತ್ತಾರೆ. ಅತ್ತೆ ಆ ರಾತ್ರಿ ಉಣ್ಣುವುದಿಲ್ಲ. "ನನ್ ಕೈಯಾರೆ ಕೊಟ್ಟೆನಲ್ಲವ್ವ," ಎಂಬ ಒಂದೇ ಮಾತು. ಆಪರೇಷನ್ನಿನ ಬಗ್ಗೆ ಬರೆಯುವವರು ಸ್ಟೇಪ್ಲರಿನ ಬಗ್ಗೆ ಬರೆಯುತ್ತಾರೆ, ಇಳಿದ ಕಿಲೋಗಳ ಬಗ್ಗೆ ಬರೆಯುತ್ತಾರೆ. ಬಡಿಸುವವರಿಗೂ ಇದು ಆಪರೇಷನ್ನೇ. ಅವರಿಗೆ ಅರಿವಳಿಕೆ ಇಲ್ಲ. ಆಸ್ಪತ್ರೆಯಲ್ಲಿ ರೋಗಿಯ ಜೊತೆ ಅವರನ್ನೂ ಕೂರಿಸಿ ಎಲ್ಲವನ್ನೂ ತಿಳಿಹೇಳಬೇಕು ಎಂಬುದು ನನ್ನ ಬೇಡಿಕೆ.

ತಿಂಗಳುಗಳು ಬೇಗ ಸಾಗುತ್ತವೆ. ನಾಲ್ಕನೇ ತಿಂಗಳು ಬಾಚಣಿಗೆಯಲ್ಲಿ ಹಿಡಿ ಹಿಡಿ ಕೂದಲು. ಪ್ರೊಟೀನ್ ದಿನಕ್ಕೆ 60 ಗ್ರಾಂಗೆ ಕಡಿಮೆಯಾಗದಂತೆ ಮೊಟ್ಟೆ, ಮೊಸರು, ಮೊಳಕೆ ಕಾಳು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ನು ಬದುಕಿರುವತನಕ. ಬಳೆ ಜಾರುತ್ತವೆ, ರವಿಕೆ ಎರಡು ಸಲ ಹಿಡಿಸಬೇಕಾಗುತ್ತದೆ. ತೋಳಿನಡಿಯ ಚರ್ಮ ಜೋತುಬಿದ್ದಿದೆ, ಸ್ನಾನದ ಮನೆಯಲ್ಲಿ ಅದನ್ನು ಹಿಡಿದು ನೋಡುತ್ತಾ ನಿಲ್ಲುತ್ತೀರಿ. ಸಂತೆಯಲ್ಲಿ ಒಬ್ಬರು ಕೇಳುತ್ತಾರೆ, "ಯಾಕವ್ವ ಹಿಂಗ್ ಸೊರಗೀಯ, ಯಾವ ಕಾಯಿಲೆ?" ಕಾಯಿಲೆ ಇದ್ದ ದಿನಗಳಲ್ಲಿ ಯಾರೂ ಹೀಗೆ ಕೇಳಿರಲಿಲ್ಲ.

ವರ್ಷ ತುಂಬುವಾಗ ತೂಕ 78. ಅಲ್ಲಿಂದ ಮುಳ್ಳು ಅಲುಗುವುದಿಲ್ಲ. ಅಜಾಗರೂಕರಾದರೆ ಮೇಲೇರಲೂಬಹುದು, ಅದನ್ನು ಮೊದಲೇ ಹೇಳಿದ್ದಾರೆ. ರಾತ್ರಿ ಯಜಮಾನರು ಗೊರಕೆ ಹೊಡೆಯುತ್ತಾ ಮಲಗುತ್ತಾರೆ.

ಕೊಟ್ಟೂರು ಗುರುಬಸವೇಶ್ವರನ ತೇರು ಬರುತ್ತದೆ. ದಾವಣಗೆರೆ ಕಡೆಯಿಂದ ಸಾವಿರಾರು ಜನ ನಡೆದೇ ಹೋಗುವ ಜಾತ್ರೆ. ಈ ಸಲ ನೀವೂ ಬೆಳಗಿನ ಜಾವದ ಕತ್ತಲಲ್ಲಿ ಅತ್ತೆಯ ಜೊತೆ ಹೊರಟಿದ್ದೀರಿ, ಸುಸ್ತಾದ ಕಡೆ ಟೆಂಪೋ ಹತ್ತುವುದೆಂದು ಮಾತಾಗಿದೆ. ಬಿಸಿಲೇರುತ್ತದೆ. ಅಂಗಾಲಿನಲ್ಲಿ ಉರಿ, ಮಂಡಿ ಮಾತ್ರ ಸುಮ್ಮನಿದೆ. ರಸ್ತೆ ಬದಿಯ ಶಾಮಿಯಾನದಲ್ಲಿ ಪಾದಯಾತ್ರಿಗಳಿಗೆ ದಾಸೋಹ. ಉಪ್ಪಿಟ್ಟು, ಸಿಹಿ. ಬಡಿಸುವ ಹೆಂಗಸು ನಿಮ್ಮ ತಟ್ಟೆಗೆ ಸೌಟು ತುಂಬಿ ತರುತ್ತಾಳೆ. ನೀವು ಕೈ ಅಡ್ಡ ಹಿಡಿಯುತ್ತೀರಿ. "ಸ್ವಾಮಿ ಪ್ರಸಾದ, ಬ್ಯಾಡ ಅನ್ನಬಾರ್ದು ತಾಯಿ," ಎಂದು ಅವಳು ಬಗ್ಗುತ್ತಾಳೆ. ಸೌಟು ತಟ್ಟೆಯ ಮೇಲೆಯೇ ಇದೆ. ನಿಮ್ಮ ಬಾಯಿಗೆ ಮಾತು ಬರುವ ಮೊದಲೇ ಪಕ್ಕದಿಂದ ಅತ್ತೆಯ ಕೈ ಚಾಚುತ್ತದೆ.

"ಆಕೆಗೆ ಎರಡು ಚಮಚ ಹಾಕವ್ವ, ಸಾಕು. ಜಗಿದು ಉಣ್ಣಾಕ ಹೊತ್ತು ಬೇಕು ಆಕೆಗೆ. ಉಳಿದಿದ್ದು ಇಲ್ಲಿ ನನ್ ತಟ್ಟೆಗೆ ಹಾಕು."