ಅನಿವಾರ್ಯ ಕಾರಣಗಳಿಂದ

ನಮ್ಮ ಗುಮಾಸ್ತರ ರಜಾ ಅರ್ಜಿಗೆ ಬಹುಕಾಲ ಮೂರೇ ಕಾರಣ: ಜ್ವರ, ಹೊಟ್ಟೆನೋವು, 'ಅನಿವಾರ್ಯ ಕಾರಣಗಳಿಂದ'. ಮನೆಯ ಸಮಾಚಾರ ಆಫೀಸಿನ ಹೊಸಿಲು ದಾಟಕೂಡದು.

ಹಳೆಯ ಈಜಿಪ್ಟಿನವರಿಗೆ ಈ ಸಂಕೋಚವಿರಲಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಸುಣ್ಣಕಲ್ಲಿನ ಮೇಲೆ ಬರೆದ ಒಂದು ಹಾಜರಿ ಪಟ್ಟಿಯಿದೆ. ದೊರೆ ಎರಡನೆಯ ರಾಮ್ಸೆಸನ ಆಳ್ವಿಕೆಯ 40ನೆಯ ವರ್ಷದ್ದು, ಅಂದರೆ 3,200 ವರ್ಷಕ್ಕೂ ಹಿಂದಿನದು. ದೊರೆಗಳ ಗೋರಿ ಕೊರೆಯುತ್ತಿದ್ದ ಸುಮಾರು 40 ಜನರ ಹೆಸರು, ತಪ್ಪಿಸಿಕೊಂಡ ದಿನ, ಕೆಂಪು ಶಾಯಿಯಲ್ಲಿ ಕಾರಣ. ಸೆಬಾನಿಗೆ ಚೇಳು ಕುಟುಕಿತು. ಇನ್ನೊಬ್ಬ ತಾಯಿಯ ಹೆಣಕ್ಕೆ ಬಟ್ಟೆ ಸುತ್ತುತ್ತಿದ್ದ. ಮತ್ತೊಬ್ಬ ಮನೆಯಲ್ಲಿ ಬಿಯರ್ ಮಾಡುತ್ತಿದ್ದ. ಕೆಲವರ ಹೆಸರಿನೆದುರು, ಹೆಂಡತಿಯೋ ಮಗಳೋ ಮುಟ್ಟಾಗಿದ್ದಾಳೆ ಎಂದಿದೆ.

ಹೆಂಗಸು ಮುಟ್ಟಾದರೆ ಗಂಡಸೇಕೆ ಮನೆಯಲ್ಲಿ ಉಳಿಯಬೇಕು ಎಂದು ವಿದ್ವಾಂಸರು ಚರ್ಚಿಸುತ್ತಾರೆ. ಬೆಂಗಳೂರಿನ ಬಸವನಗುಡಿಯ ವಠಾರದಲ್ಲಿ ಬೆಳೆದವರನ್ನು ಕೇಳಿದ್ದರೆ ಅರ್ಧ ಉತ್ತರವಾದರೂ ಸಿಗುತ್ತಿತ್ತು. ಅಮ್ಮನನ್ನು 'ಕಾಗೆ ಮುಟ್ಟಿದ' ದಿನ ಯಜಮಾನರು ಪಂಚೆ ಎತ್ತಿ ಕಟ್ಟಿ, ಹೆಗಲಿಗೆ ಟವೆಲ್ ಹಾಕಿ ಬತ್ತಿ ಸ್ಟೋವಿನೆದುರು ನಿಲ್ಲುತ್ತಿದ್ದರು. ಹಿತ್ತಲ ಬಾಗಿಲ ಆಚೆಯಿಂದ ಅಪ್ಪಣೆ: "ರೀ, ಸಾಸಿವೆ ಸೀದ್ಹೋಗತ್ತೆ, ಇಳಿಸಿ."

"ಇಳಿಸಿದೆ ಕಣೇ. ಇಂಗೆಲ್ಲಿಟ್ಟಿದ್ದೀ?"

"ಕಣ್ಣೆದುರೇ ಇದೆಯಲ್ಲ, ಕಾಫಿಪುಡಿ ಡಬ್ಬದ ಹಿಂದೆ."

ಸಾರು ಕುದಿಯುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಮಾರನೆಯ ದಿನದ ಅರ್ಜಿಯಲ್ಲಿ ಮಾತ್ರ ಜ್ವರ.

ಆ ಗೋರಿ ಕೆಲಸಗಾರರ ಊರೂ ವಠಾರವೇ. ನೈಲ್ ನದಿಯ ಪಶ್ಚಿಮಕ್ಕೆ, ಈಗಿನ ಲಕ್ಸರಿನೆದುರು, ದೇರ್ ಎಲ್ ಮದೀನಾ. ಗೋಡೆಗೆ ಗೋಡೆ ಹತ್ತಿಸಿ ಕಟ್ಟಿದ ಸುಮಾರು 70 ಮನೆ, ಮಧ್ಯೆ ಓಣಿ, ಹಿಂದೆ ಆಕಾಶಕ್ಕೆ ತೆರೆದ ಅಡುಗೆಮನೆ, ಮಾಳಿಗೆಗೆ ಮೆಟ್ಟಿಲು. ಕುಡಿಯುವ ನೀರು ಕತ್ತೆಗಳ ಬೆನ್ನ ಮೇಲೆ ಬರಬೇಕು. ನಮ್ಮ ವಠಾರಕ್ಕೆ ಒಂದೇ ನಲ್ಲಿ. ಬೆಳಗಿನ ನಾಲ್ಕಕ್ಕೇ ಕೊಡಪಾನಗಳ ಸಾಲು. 1898ರ ಪ್ಲೇಗಿಗೆ ಹೆದರಿದ ಜನ ಬಂದು ನೆಲಸಿದ, ಗಾಳಿ ಬೆಳಕಿಗೆಂದೇ ಮಾಡಿದ ಬಡಾವಣೆ ಬಸವನಗುಡಿ. ಬಾಡಿಗೆಯಾಸೆಗೆ ಹಿತ್ತಲಲ್ಲೂ ಮನೆ ಎದ್ದ ಮೇಲೆ ಎಲ್ಲಿಯ ಗಾಳಿ! ಅಂಥ ಕಡೆ ಯಾರ ಮನೆಯ ಕಾರಣವೂ ಗುಟ್ಟಾಗಿರುವುದಿಲ್ಲ. ಈಜಿಪ್ಟಿನ ಕರಣಿಕನೂ ಸುಮ್ಮನೆ ಬರೆದುಕೊಂಡನೇನೋ: ಸುಳ್ಳು ಹೇಳಿದರೆ ಸಂಜೆಯೊಳಗೆ ಓಣಿಯೇ ಹೇಳುತ್ತದೆ.

ಆ ಗೋರಿ ಕೆಲಸಗಾರರ ಕೂಲಿ ಗೋಧಿ, ಜವೆ. ಆ ಜವೆಯಿಂದಲೇ ಬಿಯರ್. ಅದು ನಮ್ಮ ಹಪ್ಪಳ ಸಂಡಿಗೆಯಂತೆ ಮನೆಮಂದಿಯ ಕೆಲಸ; ರಜ ಬೇಡುವಂಥದ್ದೇ. ಪೆಂದುವಾ ಎಂಬಾತನ ಕಾರಣ ಇನ್ನೂ ನೇರ: ಖೊನ್ಸು ಎಂಬವನ ಜೊತೆ ಕುಡಿಯುತ್ತಿದ್ದ. ಇಷ್ಟನ್ನು ನಮ್ಮ ಯಾವ ಸೂಪರಿಂಟೆಂಡೆಂಟರ ಮುಂದೆ ಬರೆದುಕೊಡಲಾದೀತು?

ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಆಫೀಸಿಗೆ ರಜವಿಲ್ಲ. ಅಂದು ಬುಲ್ ಟೆಂಪಲ್ ರಸ್ತೆಯ ಆಸುಪಾಸಿನ ಗುಮಾಸ್ತರಿಗೆಲ್ಲ ಹೊಟ್ಟೆನೋವು. ಹಸಿ ಕಡಲೆಕಾಯಿ ಸೇರುಗಟ್ಟಲೆ ತಿಂದು ಮಂಗಳವಾರ ಅದು ನಿಜವಾಗಿಯೂ ಬಂದಾಗ, ಪಾಪ, ಅರ್ಜಿ ಆಗಲೇ ಖರ್ಚಾಗಿರುತ್ತಿತ್ತು.